ನಿವೇಶನ ಕೊಟ್ಟರೆ ಊರು ಕೊಟ್ಟಂತಾಯಿತೆ?



ನಮ್ಮ ನುಡಿಯಲ್ಲಿ ‘ನಿವೇಶನ’ ಎಂಬ ಪದವಿದೆ, ‘ಸನ್ನಿವೇಶ’ ಎಂಬ ಪದವೂ ಇದೆ. ಎರಡೂ ಒಂದೇ ಬೇರಿನವು, ಹೇಳುವ ಸಂಗತಿ ಮಾತ್ರ ಬೇರೆ ಬೇರೆ. ನಿವೇಶನವೆಂದರೆ ಟೇಪು ಹಿಡಿದು ಅಳೆಯಬಹುದಾದ ಜಾಗ. ನಾವೆಲ್ಲ ‘ಸೈಟು’ ಎನ್ನುವುದು ಅದನ್ನೇ. ಸನ್ನಿವೇಶವೆಂದರೆ ಆ ಜಾಗ ಯಾವುದರ ನಡುವೆ ಇದೆ, ಯಾರ ಪಕ್ಕಕ್ಕಿದೆ, ಯಾವ ದಾರಿಗೆ ಹತ್ತಿಕೊಂಡಿದೆ ಎಂಬುದು. ಮೂವತ್ತು ಅಡಿಗೆ ನಲವತ್ತು ಅಡಿಯ ಎರಡು ಸೈಟುಗಳಿವೆ ಎನ್ನಿ. ಒಂದು ಸಂತೆ ಬೀದಿಯಲ್ಲಿದೆ, ಇನ್ನೊಂದು ಊರಾಚೆಯ ಬಯಲಿನಲ್ಲಿದೆ. ಅಳತೆ ಪುಸ್ತಕದಲ್ಲಿ ಎರಡೂ ಒಂದೇ. ಅಲ್ಲಿ ಬಾಳುವವರಿಗೆ ಎರಡೂ ಒಂದೇ ಅಲ್ಲ. ಭೂಗೋಳ ಓದುವ ಮಕ್ಕಳಿಗೆ ಮೊದಲಲ್ಲೇ ಕಲಿಸುವ ಪಾಠವಿದು. ದೊಡ್ಡ ಯೋಜನೆಗಳ ಕಡತಗಳಲ್ಲಿ ಮಾತ್ರ ಇದಕ್ಕೆ ಜಾಗ ಸಿಗುವುದು ಕಡಿಮೆ.

ಸರ್ಕಾರದ ಇಂಜಿನಿಯರನಾಗಿ ದುಡಿದು ನಿವೃತ್ತನಾದ ನಾನು ಈ ಹಳೆಯ ಪಾಠವನ್ನು ಈಗ ಎತ್ತಲು ಕಾರಣವಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತ ಮತ್ತೆ ಚುರುಕಾಗಿದೆ. ಆಲಮಟ್ಟಿ ಜಲಾಶಯದಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿಗೆ ಕೊಟ್ಟಿದೆ. ಏರುವುದು ಐದು ಮೀಟರಿಗೂ ಕಡಿಮೆ. ಆದರೆ ನಮ್ಮ ಬಯಲು ಸೀಮೆಯ ನೆಲ ಸಪಾಟು. ಅಷ್ಟು ಏರಿದರೆ ಸುಮಾರು 75 ಸಾವಿರ ಎಕರೆ ಜಮೀನು, 20 ಗ್ರಾಮಗಳು, ಬಾಗಲಕೋಟೆ ನಗರದ 11 ವಾರ್ಡುಗಳು ನೀರಿನ ಪಾಲಾಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಅಂದಿನಿಂದ ಆ ಊರುಗಳ ಕಟ್ಟೆಯ ಮೇಲೆ ಎಕರೆ, ಲಕ್ಷ, ಸೈಟು ಎಂಬ ಮಾತೇ ಮಾತು.

ಯೋಜನೆ ಬೇಡ ಎನ್ನುವವನು ನಾನಲ್ಲ. ಮೊದಲ ಎರಡು ಹಂತಗಳಿಂದ ಆರು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರಾವರಿ ಒದಗಿಸಲು ರೂಪಿಸಿದ ಯೋಜನೆಯಿದು. ವಿಜಯಪುರ, ಯಾದಗಿರಿ, ರಾಯಚೂರು, ಕಲಬುರಗಿಯ ಒಣಭೂಮಿಗೆ ನೀರಿನ ಬೆಲೆ ಏನೆಂದು ಆ ನೆಲದಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪರಿಹಾರದ ಮೊತ್ತ ಸಾಲದು ಎಂಬ ವಾದಕ್ಕೂ ಇಲ್ಲಿ ಕೈಹಾಕುವುದಿಲ್ಲ. ನಾನು ಕೇಳುವುದು ಇಷ್ಟು: ಜಮೀನಿಗೆ ದುಡ್ಡು, ಮನೆಗೆ ಸೈಟು ಕೊಟ್ಟ ಮೇಲೆ ಲೆಕ್ಕ ಚುಕ್ತಾ ಆಯಿತೆಂದು ಬಗೆಯುವುದು ಸರಿಯೆ? ಆ ಊರುಗಳಲ್ಲಿರುವ ನಮ್ಮ ಮಠಗಳು, ಬಸವ ಸಂಘಟನೆಗಳು ಈ ಹೊತ್ತಿನಲ್ಲಿ ಮಾಡಬೇಕಾದ ಕೆಲಸವೇನು?

ಹೆಸರಿನಲ್ಲೇ ಇರುವ ಕೂಟ

ಇದೇ ಕೃಷ್ಣೆಯ ಕೆಳಹರಿವಿನಲ್ಲಿರುವ ಕೂಡಲಸಂಗಮವನ್ನು ನೋಡಿ. ‘ಕೂಡಲ’ ಎಂದರೂ ಕೂಡುವ ತಾಣ, ‘ಸಂಗಮ’ ಎಂದರೂ ಕೂಡುವ ತಾಣ. ಒಂದೇ ಅರ್ಥವನ್ನು ಎರಡು ಸಲ ಹೇಳುವ ಹೆಸರಿದು. ಆ ಹೆಸರಿನಲ್ಲಿ ಬೆಟ್ಟವಿಲ್ಲ, ಮರವಿಲ್ಲ, ಅರಸನಿಲ್ಲ. ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುವ ನಂಟೊಂದೇ ಇದೆ. ಆ ನೆಲದ ಗುಣ ಆ ನೆಲದ ಮಣ್ಣಿನಿಂದ ಬಂದದ್ದಲ್ಲ, ಎರಡು ಹೊಳೆಗಳು ಅಲ್ಲಿ ಕೂಡಿದ್ದರಿಂದ ಬಂದದ್ದು. ಬಸವಣ್ಣನವರು ಅಲ್ಲಿ ಬೆಳೆದು, ಮಂಗಳವೇಡೆಗೆ ಹೋಗಿ, ಕಲ್ಯಾಣಕ್ಕೆ ಹೋದರೂ ಆ ಹೆಸರನ್ನು ಅಂಕಿತವಾಗಿ ಜೊತೆಗೇ ಕೊಂಡೊಯ್ದರು. ನೆಲವನ್ನು ಹೊತ್ತೊಯ್ಯಲಾಗದು. ನೆಲ ಕಲಿಸಿದ ಕೂಟದ ಅರ್ಥವನ್ನು ಹೊತ್ತೊಯ್ಯಬಹುದು.

ಇಂದು ಅದೇ ಜಾಗಕ್ಕೆ ಹೋದವರಿಗೆ ಕಾಣುವುದೇನು? ಕೆಳಗೆ ನಾರಾಯಣಪುರದಲ್ಲಿ ಅಣೆಕಟ್ಟು ಎದ್ದಿತು. ಅದರ ಜಲಾಶಯಕ್ಕೆ ಬಸವಸಾಗರವೆಂದೇ ಹೆಸರು. ಜಲಾಶಯದ ಪೂರ್ಣ ಮಟ್ಟ 492.252 ಮೀಟರ್. ಅದರ ಹಿನ್ನೀರು ಸಂಗಮದವರೆಗೂ ಬಂದು ನಿಲ್ಲುತ್ತದೆ. ಬಸವಣ್ಣನವರ ಐಕ್ಯಸ್ಥಳವನ್ನು ಉಳಿಸಲು ಸುತ್ತ ದುಂಡನೆಯ ಬಾವಿಯಂಥ ಗೋಡೆ ಕಟ್ಟಲಾಗಿದೆ. ನಾವು ಮೆಟ್ಟಿಲಿಳಿದು ಕೆಳಗೆ ಹೋಗುತ್ತೇವೆ, ಗೋಡೆಯಾಚೆ ಹೊಳೆ ಇರುತ್ತದೆ. ಒಬ್ಬ ಇಂಜಿನಿಯರನಾಗಿ ಆ ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಅಲ್ಲಿ ಬೇರೆ ದಾರಿ ಇರಲಿಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಆ ಜಾಗದ ಅಕ್ಷಾಂಶ ಬದಲಾಗಿಲ್ಲ, ರೇಖಾಂಶ ಬದಲಾಗಿಲ್ಲ. ಬದಲಾದದ್ದು ಸುತ್ತಲಿನ ನೀರಿನ ಮಟ್ಟ. ಹೊಳೆಯ ಏರಿಳಿತವನ್ನು ಹಿಂದೆ ಮಳೆಗಾಲ, ಬೇಸಿಗೆ ನಿರ್ಧರಿಸುತ್ತಿದ್ದವು. ಈಗ ಮೇಲಿನ ಆಲಮಟ್ಟಿಯ ಗೇಟು, ಕೆಳಗಿನ ನಾರಾಯಣಪುರದ ಗೇಟುಗಳೂ ನಿರ್ಧರಿಸುತ್ತವೆ. ನಿವೇಶನ ಉಳಿದಿದೆ, ಸನ್ನಿವೇಶ ಬದಲಾಗಿದೆ.

ಕಲ್ಯಾಣದ ಮಾತೂ ಇಷ್ಟೇ. ಬಸವಕಲ್ಯಾಣ ಅಂದು ಇದ್ದಲ್ಲೇ ಇಂದೂ ಇದೆ. ಹನ್ನೊಂದನೆಯ ಶತಮಾನದಲ್ಲಿ ಅದು ಚಾಲುಕ್ಯರ ರಾಜಧಾನಿಯಾಯಿತು, ಹನ್ನೆರಡರಲ್ಲಿ ಬಿಜ್ಜಳನ ಕೈಸೇರಿತು. ರಾಜಧಾನಿಯಾದ್ದರಿಂದ ದಾರಿಗಳೆಲ್ಲ ಅಲ್ಲಿಗೆ ಹರಿದವು. ಆ ದಾರಿಗಳ ಮೇಲೆಯೇ ಬಳ್ಳಿಗಾವೆಯ ಕಡೆಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕ, ಸೊನ್ನಲಿಗೆಯಿಂದ ಸಿದ್ಧರಾಮರು, ಪರಂಪರೆ ಹೇಳುವಂತೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು, ಮಾಳವದಿಂದ ಡೋಹರ ಕಕ್ಕಯ್ಯನವರು ಬಂದರು. ಬಂದವರನ್ನು ಪಕ್ಕಪಕ್ಕಕ್ಕೆ ಕೂರಿಸಿದ್ದು ಅನುಭವ ಮಂಟಪ. ಅರಸೊತ್ತಿಗೆ ಹೋಯಿತು, ದಾರಿಗಳು ತಿರುಗಿದವು, ಶರಣರು ಚದುರಿದರು. ಊರು ಇದ್ದಲ್ಲೇ ಇದ್ದರೂ ಹನ್ನೆರಡನೆಯ ಶತಮಾನದ ಕಲ್ಯಾಣ ಅಲ್ಲಿ ಉಳಿಯಲಿಲ್ಲ.

ಸ್ಥಾವರಕ್ಕೆ ಮಾತ್ರ ಬೆಲೆ

ಇಲ್ಲಿ ಕೆಲವು ಶರಣರು ಕೇಳಬಹುದು: ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿದವರು ನಾವು, ಒಂದು ಊರು ಹೋದರೇನು, ಇನ್ನೊಂದು ಬಂದರೇನು? ಒಳ್ಳೆಯ ಪ್ರಶ್ನೆ. ನೆಲವೇ ಪವಿತ್ರ, ಕಲ್ಲೇ ದೇವರು ಎಂದು ವಾದಿಸಲು ನಾನೂ ಬಂದಿಲ್ಲ. ಆದರೆ ಊರಿನಲ್ಲಿ ಸ್ಥಾವರ ಯಾವುದು, ಜಂಗಮ ಯಾವುದು ಎಂದು ಒಮ್ಮೆ ಬಿಡಿಸಿ ನೋಡೋಣ. ಗೋಡೆ, ಮಾಳಿಗೆ, ಹೊಲ, ಬಾವಿ ಇವು ಸ್ಥಾವರ. ಬಾವಿಗೆ ನಡೆಯುವ ಕಾಲು, ಅಂಗಡಿಯ ಉದ್ರಿ, ಸುಗ್ಗಿಯಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು, ಬಾಣಂತಿಯ ಮನೆಗೆ ಪಕ್ಕದ ಮನೆಯಿಂದ ಹೋಗುವ ಸಾರು ಇವೆಲ್ಲ ಚಲಿಸುವಂಥವು, ಜಂಗಮ. ನಮ್ಮ ಭೂಸ್ವಾಧೀನದ ಲೆಕ್ಕ ಸ್ಥಿರಾಸ್ತಿಗೆ ಬೆಲೆ ಕಟ್ಟುತ್ತದೆ. ಊರಿನ ಜಂಗಮಕ್ಕೆ ಬೆಲೆ ಕಟ್ಟುವ ಕಾಲಮ್ಮೇ ಅದರ ತಖ್ತೆಯಲ್ಲಿಲ್ಲ. ಹಾಗಾದರೆ ಜಂಗಮವನ್ನು ನಂಬಿದ ನಾವೇ ಅಲ್ಲವೆ ಅದರ ಬಗ್ಗೆ ಮೊದಲು ಮಾತಾಡಬೇಕಾದವರು?

ನಗರ ಯೋಜನೆಯ ಶಾಸ್ತ್ರದಲ್ಲಿ ಇದನ್ನು ನೂರು ವರ್ಷದ ಹಿಂದೆಯೇ ಹೇಳಿದವರೊಬ್ಬರಿದ್ದಾರೆ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದರು. ಹತ್ತು ಹಲವು ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮೂಲತಃ ಅವರು ಜೀವಶಾಸ್ತ್ರ ಓದಿದವರು. ವೈದ್ಯ ರೋಗಿಯ ನಾಡಿ ನೋಡದೆ ಔಷಧ ಕೊಡಬಾರದು, ಹಾಗೆಯೇ ಊರನ್ನು ಸಮೀಕ್ಷೆ ಮಾಡದೆ ನಕ್ಷೆ ಬರೆಯಬಾರದು ಎಂಬುದು ಅವರ ನಿಲುವು. ಸ್ಥಳ, ಕೆಲಸ, ಜನ ಈ ಮೂರನ್ನೂ ಒಟ್ಟಿಗೇ ನೋಡಬೇಕು. ಒಂದನ್ನು ಬಿಟ್ಟರೆ ಉಳಿದೆರಡು ಅರ್ಥವಾಗುವುದಿಲ್ಲ ಎಂದು ಅವರು ಕಲಿಸಿದರು. ‘ಕೆಲಸ’ ಎಂಬಲ್ಲಿ ‘ಕಾಯಕ’ ಎಂದು ಓದಿಕೊಳ್ಳಿ. ನಮಗೆ ಹೊಸದೇನೂ ಅಲ್ಲ.

ಬಾಗಲಕೋಟೆ ಕಲಿಸಿದ್ದು

ಈ ಮಾತಿಗೆ ನಮ್ಮ ಕಣ್ಣೆದುರಿನ ಉದಾಹರಣೆ ಬಾಗಲಕೋಟೆ. ಘಟಪ್ರಭೆಯ ದಂಡೆಯ ಹಳೆಯ ಊರು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಗೊತ್ತಾದ ಮೇಲೆ ಎತ್ತರದ ನೆಲದಲ್ಲಿ ನವನಗರವನ್ನು ಕಟ್ಟಲಾಯಿತು. ದೇಶದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದರ ವಿನ್ಯಾಸ ರೂಪಿಸಿದರು. ಅಗಲವಾದ ರಸ್ತೆ, ಸಂಖ್ಯೆ ಹಾಕಿದ ಸೆಕ್ಟರುಗಳು, ಉದ್ಯಾನ, ಶಾಲೆಗೆ ಬಿಟ್ಟ ಜಾಗ. ಮುಳುಗಡೆಯ ಊರೊಂದಕ್ಕೆ ನಮ್ಮ ನಾಡಿನಲ್ಲಿ ಇಷ್ಟು ಯೋಚಿಸಿ ಮಾಡಿದ ಪುನರ್ವಸತಿ ಅಪರೂಪ. ಅದನ್ನು ಮೆಚ್ಚಿಯೇ ಮುಂದಿನ ಮಾತು ಹೇಳುತ್ತೇನೆ.

ಇಂದು ಬಾಗಲಕೋಟೆ ಒಂದೂರಲ್ಲ, ಮೂರು ತುಂಡು. ಹಿನ್ನೀರಿನ ಪಕ್ಕ ಉಳಿದ ಹಳೆಯ ಊರು, ಕಾಲೇಜುಗಳ ಸುತ್ತ ಬೆಳೆದ ವಿದ್ಯಾಗಿರಿ, ಅದರಾಚೆ ನವನಗರ. ಜಾಗ ಕೊಟ್ಟ ಮೇಲೂ ಎಲ್ಲರೂ ಹಳೆಯ ಊರನ್ನು ಬಿಡಲಿಲ್ಲ. ಏಕೆ ಬಿಡಲಿಲ್ಲ ಎಂಬುದಕ್ಕೆ ಹಟ, ಅಜ್ಞಾನ ಎಂಬ ಉತ್ತರ ಸಾಲದು. ಕಿರಾಣಿ ಅಂಗಡಿಯವನ ಬಂಡವಾಳ ಅಂಗಡಿಯಲ್ಲಿರುವ ಚೀಲಗಳಷ್ಟೇ ಅಲ್ಲ. ಮುಖ ನೋಡಿ ಉದ್ರಿ ಕೊಡಬಹುದಾದ ಇನ್ನೂರು ಮನೆ ಅವನ ಬಂಡವಾಳ. ಆ ಮನೆಗಳು ಹತ್ತು ಸೆಕ್ಟರಿಗೆ ಚದುರಿದರೆ ಅಂಗಡಿಗೆ ಎಷ್ಟು ಒಳ್ಳೆಯ ಸೈಟು ಕೊಟ್ಟರೂ ವ್ಯಾಪಾರ ಕುದುರುವುದಿಲ್ಲ. ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಅಕ್ಕನಿಗೆ ನಡೆದು ಹೋಗುವಷ್ಟು ದೂರದಲ್ಲಿ ಖಾನಾವಳಿ ಇರಬೇಕು. ಆಟೋಕ್ಕೆ ಕೊಟ್ಟರೆ ಅವಳ ಲಾಭವೆಲ್ಲ ಆಟೋಕ್ಕೇ ಸರಿ.

ಇದೇ ಜಿಲ್ಲೆಯ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನೋಡಿ. ನೂಲಿಗೆ ಬಣ್ಣ ಹಾಕುವವರು ಒಬ್ಬರು, ಹಾಸು ಹೂಡುವವರು ಒಬ್ಬರು, ಮಗ್ಗದಲ್ಲಿ ಕೂರುವವರು ಇನ್ನೊಬ್ಬರು. ಒಂದು ಸೀರೆ ಓಣಿಯಿಂದ ಓಣಿಗೆ ತಿರುಗಿ ಸೀರೆಯಾಗುತ್ತದೆ. ಮಗ್ಗವನ್ನು ಲಾರಿಯಲ್ಲಿ ಏರಿಸಿ ಬೇರೆ ಊರಿಗೆ ಒಯ್ಯಬಹುದು, ಓಣಿಯನ್ನು ಒಯ್ಯಲಾಗದು. ಕಾಯಕವೆಂಬುದು ಒಬ್ಬನ ಕೈಯಲ್ಲಿ ಮಾತ್ರ ಇರುವುದಲ್ಲ, ನೆರೆಹೊರೆಯಲ್ಲಿ ಹಾಸುಹೊಕ್ಕಾಗಿರುವುದು.

ನವನಗರದ ಕತೆಯಲ್ಲಿ ಇನ್ನೊಂದು ಪಾಠವೂ ಇದೆ. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ಬಾಗಲಕೋಟೆ ಹೊಸ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳು ನವನಗರಕ್ಕೆ ಬಂದವು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೂ ಬಾಗಲಕೋಟೆಗೆ ಬಂತು. ಕಚೇರಿಗೆ ಬರುವವರು, ಓದಲು ಬರುವವರು ಬಂದೊಡನೆ ಚಹಾದಂಗಡಿ, ಜೆರಾಕ್ಸ್ ಅಂಗಡಿ, ಬಾಡಿಗೆ ಕೋಣೆ ಎಲ್ಲಕ್ಕೂ ಜೀವ ಬಂತು. ನಕ್ಷೆ ಅದೇ, ರಸ್ತೆ ಅದೇ, ಸೆಕ್ಟರೂ ಅವೇ. ಜಿಲ್ಲೆಯ ನಡುವೆ ಅದಕ್ಕೆ ಸಿಕ್ಕ ಸ್ಥಾನ ಬದಲಾದದ್ದೇ ಊರಿನ ನಡೆಯನ್ನು ಬದಲಿಸಿತು. ಮುಳುಗುವ 20 ಹಳ್ಳಿಗಳ ಪುನರ್ವಸತಿ ಕೇಂದ್ರಗಳಿಗೆಲ್ಲ ಇಂಥ ಭಾಗ್ಯ ಬರುವುದಿಲ್ಲ. ಪ್ರತಿ ಹಳ್ಳಿಗೂ ಒಂದು ಜಿಲ್ಲಾ ಕಚೇರಿ ಕೊಡಲಾಗುವುದಿಲ್ಲವಲ್ಲ. ಆದ್ದರಿಂದ ಅವುಗಳ ಸನ್ನಿವೇಶವನ್ನು ಮೊದಲೇ ಯೋಚಿಸಿ ಕಟ್ಟಿಕೊಡಬೇಕು.

ಗೆರೆಯ ಮೇಲೆ ಉಳಿದವರು

ಅಣೆಕಟ್ಟಿನ ಲೆಕ್ಕ ಸಮೋನ್ನತ ರೇಖೆಯ ಮೇಲೆ ನಡೆಯುತ್ತದೆ. 524.256 ಮೀಟರ್ ಎಂಬ ಗೆರೆಯನ್ನು ನಕ್ಷೆಯ ಮೇಲೆ ಎಳೆದರೆ ಕೆಳಗಿನದೆಲ್ಲ ಮುಳುಗಡೆ, ಮೇಲಿನದೆಲ್ಲ ಸುರಕ್ಷಿತ. ಗೆರೆಗೆ ಊರು ಗೊತ್ತಿಲ್ಲ. ಅದು ಒಬ್ಬ ರೈತನ ಹೊಲವನ್ನು ಕೆಳಗೆ ಬಿಟ್ಟು ಮನೆಯನ್ನು ಮೇಲೆ ಉಳಿಸುತ್ತದೆ. ಇನ್ನೊಬ್ಬನ ಮನೆಯನ್ನು ಕೆಳಗೆ ಬಿಟ್ಟು ಹೊಲವನ್ನು ಮೇಲೆ ಉಳಿಸುತ್ತದೆ. ಊರಿನ ಸಂತೆ, ದಾರಿ, ಶಾಲೆ ಕೆಳಗೆ ಹೋಗಿ ಮೂವತ್ತು ಮನೆ ಮಾತ್ರ ಮೇಲೆ ಉಳಿದರೆ ಆ ಮೂವತ್ತು ಮನೆಯವರು ಏನನ್ನೂ ಕಳೆದುಕೊಂಡಿಲ್ಲ ಎಂದು ಕಡತ ಹೇಳುತ್ತದೆ. ಅವರ ಒಂದು ಗುಂಟೆಯೂ ಮುಳುಗಿಲ್ಲ ನಿಜ. ಅವರ ಊರು ಮುಳುಗಿದೆ.

ಸ್ವಂತ ಹೊಲವಿಲ್ಲದವರ ಪಾಡು ಇನ್ನೂ ಕಷ್ಟ. ಎಕರೆಗೆ 40 ಲಕ್ಷ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ತೆಗೆದ ಅವ್ವ, ಊರಿನ ಕುಲುಮೆಯಲ್ಲಿ ಕುಡ ಬಡಿದ ಕಂಬಾರ, ಕ್ಷೌರಿಕ, ಬಡಿಗ, ಮೀನು ಹಿಡಿಯುವವ ಎಲ್ಲಿಗೆ ಹೋಗಬೇಕು? 2013ರ ಭೂಸ್ವಾಧೀನ ಕಾಯ್ದೆಯ ‘ಬಾಧಿತ ಕುಟುಂಬ’ ಎಂಬ ವ್ಯಾಖ್ಯೆಯಲ್ಲಿ ಸ್ವಂತ ಜಮೀನಿಲ್ಲದ ಕೃಷಿ ಕೂಲಿಕಾರರು, ಗೇಣಿದಾರರು, ಕಸುಬುದಾರರೂ ಸೇರಿದ್ದಾರೆ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅಲ್ಲಿ ದುಡಿದಿರಬೇಕು, ಅವರ ಮುಖ್ಯ ಜೀವನೋಪಾಯಕ್ಕೆ ಆ ಸ್ವಾಧೀನದಿಂದ ಪೆಟ್ಟು ಬಿದ್ದಿರಬೇಕು. ಕಾಯ್ದೆಯಲ್ಲಿ ಹೆಸರಿದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಮೂರು ವರ್ಷ ದುಡಿದದ್ದಕ್ಕೆ ಕೂಲಿಯವರ ಬಳಿ ಕಾಗದ ಎಲ್ಲಿರುತ್ತದೆ? ಊರಿಗೆ ಗೊತ್ತಿರುತ್ತದೆ. ಊರು ಚದುರಿದ ಮೇಲೆ ಸಾಕ್ಷಿ ಹೇಳುವವರು ಯಾರು?

ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಅದೇ ಕಾಯ್ದೆ ಭೂಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕೆನ್ನುತ್ತದೆ. ಆದರೆ ಪರಿಸರ ಪರಿಣಾಮದ ಅಧ್ಯಯನ ಬೇಕಾಗುವ ನೀರಾವರಿ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಟ್ಟಿದೆ. ಅಂದರೆ ಅತಿ ಹೆಚ್ಚು ಊರುಗಳನ್ನು ಎಬ್ಬಿಸುವ ಯೋಜನೆಗಳಲ್ಲಿಯೇ ಊರಿನ ನಂಟುಗಳನ್ನು ಅಳೆಯುವ ಕಡ್ಡಾಯವಿಲ್ಲ. ಸರ್ಕಾರ ಮಾಡಬೇಕಿಲ್ಲದ ಆ ಕೆಲಸವನ್ನು ಯಾರಾದರೂ ಮಾಡಲೇಬೇಕು.

ಹಳೆಯ ಓಣಿಯನ್ನು ಹಾಗೆಯೇ ಎತ್ತಿಡಬೇಕೆ?

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ನೆರೆಹೊರೆ ಉಳಿಸಿ ಎಂದೊಡನೆ ಕೆಲವರು ಜಾತಿಯ ಓಣಿಯನ್ನು ಉಳಿಸಿ ಎಂದು ಕೇಳಿಸಿಕೊಳ್ಳುತ್ತಾರೆ. ಹಳೆಯ ಊರಿನ ಸನ್ನಿವೇಶವೆಲ್ಲ ಚಿನ್ನವಾಗಿರಲಿಲ್ಲ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ನೀರು ಬೇರೆ, ದಾರಿ ಬೇರೆ, ಮಣ್ಣಾಗುವ ಜಾಗವೂ ಬೇರೆ. ಕೇರಿಯ ಮನೆಗೂ ಊರಿನ ಮನೆಗೂ ನೆಲದಲ್ಲಿ, ಮಣ್ಣಿನಲ್ಲಿ ವ್ಯತ್ಯಾಸವಿರಲಿಲ್ಲ. ಯಾರ ಪಕ್ಕಕ್ಕೆ ಯಾರು ಇರಬಾರದು ಎಂಬ ಕಟ್ಟಳೆ ಮಾತ್ರ ಒಂದನ್ನು ಮೇಲು, ಇನ್ನೊಂದನ್ನು ಕೀಳು ಮಾಡಿತ್ತು. ಸನ್ನಿವೇಶ ಜಾಗಕ್ಕೆ ಗುಣ ಕೊಡುತ್ತದೆ ಎಂಬ ಮಾತಿನ ಕರಾಳ ಮುಖವಿದು. ಇದನ್ನು ಮರೆತು ಹಳೆಯ ಊರಿಗಾಗಿ ಹಲುಬಿದರೆ ಅದು ಶರಣರ ಹಾದಿಯಾಗುವುದಿಲ್ಲ.

ಬಸವಾದಿ ಶರಣರು ಕಲ್ಯಾಣದಲ್ಲಿ ಬದಲಿಸಿದ್ದು ನಿವೇಶನವನ್ನಲ್ಲ, ಸನ್ನಿವೇಶವನ್ನು. ಮಡಿವಾಳ ಮಾಚಯ್ಯನವರು, ಹರಳಯ್ಯನವರು, ಮಧುವರಸರು, ಕಕ್ಕಯ್ಯನವರು ಒಂದೇ ಮಂಟಪದಲ್ಲಿ ಪಕ್ಕಪಕ್ಕಕ್ಕೆ ಕುಳಿತರು. ಹರಳಯ್ಯ, ಮಧುವರಸರ ಮನೆಗಳ ನಡುವೆ ಬೀಗತನ ಬೆಳೆಯಿತು. ಅದಕ್ಕೆ ತೆತ್ತ ಬೆಲೆ ಏನೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಯಾರು ಯಾರ ಪಕ್ಕಕ್ಕೆ ಎಂಬುದು ಸಣ್ಣ ಪ್ರಶ್ನೆಯಾಗಿದ್ದರೆ ಕಲ್ಯಾಣದಲ್ಲಿ ರಕ್ತ ಹರಿಯುತ್ತಿರಲಿಲ್ಲ.

ಆದ್ದರಿಂದ ಹೊಸ ಊರು ಕಟ್ಟುವಾಗ ಎರಡನ್ನೂ ಬಿಡಿಸಿ ನೋಡಬೇಕು. ಕಾಯಕದ ನಂಟು ಉಳಿಯಲಿ, ಜಾತಿಯ ಬೇಲಿ ಮುಳುಗಲಿ. ಸೈಟುಗಳನ್ನು ಬರೀ ಚೀಟಿ ಎತ್ತಿ ಹಂಚಿದರೆ ಬೇಲಿಯ ಜೊತೆಗೆ ನಂಟೂ ಹರಿಯುತ್ತದೆ. ಓಣಿಗೆ ಓಣಿಯನ್ನೇ ಎತ್ತಿಟ್ಟರೆ ನಂಟಿನ ಜೊತೆಗೆ ಬೇಲಿಯೂ ಬರುತ್ತದೆ. ಇವೆರಡರ ನಡುವೆ ದಾರಿಯಿದೆ. ಹತ್ತು ಹದಿನೈದು ಕುಟುಂಬಗಳು ಸೇರಿ ‘ನಮಗೆ ಒಟ್ಟಿಗೆ ಸೈಟು ಕೊಡಿ’ ಎಂದು ಅರ್ಜಿ ಹಾಕುವ ಅವಕಾಶವಿರಲಿ. ಗುಂಪಿಗೆ ಆಧಾರ ಕಸುಬು, ಒಡನಾಟ, ಮುಯ್ಯಾಳುತನವಿರಲಿ. ಒಂದೇ ಜಾತಿಯವರು ತುಂಬಿದ ಗುಂಪಿಗೆ ಮನ್ನಣೆ ಬೇಡ. ಕೇರಿಯನ್ನು ಮತ್ತೆ ಊರಿನ ಅಂಚಿಗೆ, ತಗ್ಗಿಗೆ ತಳ್ಳುವ ನಕ್ಷೆಗೆ ಯಾವ ಮಠವೂ ಒಪ್ಪಿಗೆ ಕೊಡಬಾರದು.

ರುದ್ರಭೂಮಿಯ ಮಾತನ್ನೂ ಇಲ್ಲೇ ಹೇಳುತ್ತೇನೆ. ನಾವು ಹೂಳುವ ಪದ್ಧತಿಯವರು. ಎಷ್ಟೋ ಮನೆತನಗಳ ಹಿರಿಯರು ಅವರವರ ಹೊಲದಲ್ಲೇ ಮಣ್ಣಾಗಿದ್ದಾರೆ. ಹೊಲದ ಜೊತೆ ಆ ಸಮಾಧಿಗಳೂ ನೀರಿಗೆ ಹೋಗುತ್ತವೆ. ಸಮಾಧಿ ಪೂಜೆ ನಮ್ಮ ತತ್ತ್ವವಲ್ಲ ಎಂದು ನೋವನ್ನು ತಳ್ಳಿಹಾಕುವುದು ಬೇಡ. ಲಿಂಗೈಕ್ಯರಾದ ತಂದೆ ತಾಯಿಯ ನೆನಪು ಮನುಷ್ಯ ಸಹಜ. 2013ರ ಕಾಯ್ದೆಯ ಮೂರನೆಯ ಅನುಸೂಚಿ ಪುನರ್ವಸತಿ ಊರಿಗೆ ರಸ್ತೆ, ಕುಡಿಯುವ ನೀರು, ಹುಲ್ಲುಗಾವಲಿನ ಜೊತೆಗೆ ಸ್ಮಶಾನವೂ ಬೇಕೆನ್ನುತ್ತದೆ. ಆದರೆ ಅದನ್ನು ಅಲ್ಲಿನ ಜಾತಿ ಸಮುದಾಯಗಳು, ಅವರ ಪದ್ಧತಿಗಳನ್ನು ನೋಡಿ ಕೊಡಬೇಕೆಂದೂ ಹೇಳುತ್ತದೆ. ಹೂಳುವವರಿಗೂ ಸುಡುವವರಿಗೂ ಬೇರೆ ಬೇರೆ ಜಾಗ ಬೇಕು, ಅದು ಪದ್ಧತಿಯ ಮಾತು. ಹೂಳುವ ಎಲ್ಲರಿಗೂ ಒಂದೇ ಜಾಗ ಸಾಕು ಎಂದು ನಾವೇ ಮುಂದೆ ಬಂದು ಬರೆದುಕೊಡಬಹುದಲ್ಲವೆ?

ಮಠಗಳು ಏನು ಮಾಡಬಹುದು?

ಮೊದಲ ಕೆಲಸ ಸಮೀಕ್ಷೆ. ಮುಳುಗುವ ಪ್ರತಿ ಊರಿನಲ್ಲೂ ನಂಟುಗಳ ನಕ್ಷೆಯೊಂದನ್ನು ಈಗಲೇ ಬರೆಯಬೇಕು. ಯಾರ ಮನೆ ಎಲ್ಲಿದೆ ಎಂಬುದು ಸರ್ಕಾರದ ಬಳಿ ಇರುತ್ತದೆ. ಅವರು ನೀರಿಗೆ, ಹಿಟ್ಟಿನ ಗಿರಣಿಗೆ, ದವಾಖಾನೆಗೆ, ಸಂತೆಗೆ ಎಲ್ಲಿಗೆ ಹೋಗುತ್ತಾರೆ, ಯಾರ ಹೊಲದಲ್ಲಿ ಯಾರು ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ, ಯಾವ ಅಂಗಡಿಗೆ ಎಷ್ಟು ಮನೆ, ಗೆರೆಯ ಮೇಲೆ ಉಳಿಯುವವರು ಯಾರು, ಅವರ ಯಾವ ದಾರಿ ಕಡಿಯುತ್ತದೆ ಎಂಬುದು ಇರುವುದಿಲ್ಲ. ಇದಕ್ಕೆ ದೊಡ್ಡ ಯಂತ್ರ ಬೇಡ. ನಮ್ಮ ಮಠಗಳ ಶಾಲೆ ಕಾಲೇಜುಗಳಲ್ಲಿ ಓದುವ ಹತ್ತು ಹುಡುಗರು, ಹುಡುಗಿಯರು, ಒಬ್ಬ ನಿವೃತ್ತ ಸರ್ವೇಯರ್, ಒಬ್ಬ ವಕೀಲ ಸಾಕು. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿ, ಹೆಬ್ಬೆಟ್ಟು ಸಹಿ ಹಾಕಿಸಿ, ಒಂದು ಪ್ರತಿಯನ್ನು ಪುನರ್ವಸತಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಕೂಲಿಯವರ ಮೂರು ವರ್ಷದ ದುಡಿಮೆಗೆ ಇದೇ ಸಾಕ್ಷಿಯಾಗಬಹುದು.

ಎರಡನೆಯದು ಹಣ ಕೈಗೆ ಬಂದ ಕಾಲದ ಮಾತು. ಪರಿಹಾರ ಬಂದೊಡನೆ ಜೀಪು, ಮದುವೆ, ಜೂಜು ಎಂದು ಕರಗಿದ ಕತೆಗಳನ್ನು ನಾವು ಕೇಳಿದ್ದೇವೆ. ಉಪದೇಶ ಮಾಡಿ ಸುಮ್ಮನಾಗುವ ಬದಲು ಊರಿನವರು ಒಟ್ಟಾಗಿ ಜಮೀನು ಹುಡುಕಿ ಹತ್ತಿರ ಹತ್ತಿರ ಕೊಳ್ಳಲು ಮಠ ನೆರವಾಗಲಿ. ಹತ್ತು ಮನೆಯವರು ಹತ್ತು ಜಿಲ್ಲೆಯಲ್ಲಿ ಹೊಲ ಕೊಂಡರೆ ಹೊಲ ಸಿಗುತ್ತದೆ, ಮುಯ್ಯಾಳು ಸಿಗುವುದಿಲ್ಲ.

ಮೂರನೆಯದು ನಮ್ಮ ಮನೆಯ ಮಾತು, ಸ್ವಲ್ಪ ಖಾರವೆನಿಸಬಹುದು. ನಾವು ಕಟ್ಟುವ ಬಸವ ಭವನಗಳು, ಅನುಭವ ಮಂಟಪಗಳು ಎಷ್ಟೋ ಕಡೆ ಬೈಪಾಸ್ ರಸ್ತೆಯ ಪಕ್ಕ, ಜಾಗ ಅಗ್ಗಕ್ಕೆ ಸಿಕ್ಕಲ್ಲಿ ಎದ್ದಿವೆ. ಬಸವ ಜಯಂತಿಗೆ ಬಾಗಿಲು ತೆರೆಯುತ್ತದೆ, ಉಳಿದ ದಿನ ಮದುವೆಗೆ ಬಾಡಿಗೆ. ಕಾಲ್ನಡಿಗೆಯಲ್ಲಿ ಯಾರೂ ಹಾಯದ ಜಾಗದಲ್ಲಿ ಅನುಭಾವ ಹೇಗೆ ಹುಟ್ಟೀತು? ಕೂಟಕ್ಕೆ ಜನ ಕೂಡುವ ದಾರಿ ಬೇಕು. ಹೊಸ ಪುನರ್ವಸತಿ ಊರಿನಲ್ಲಿ ಮಠಕ್ಕೆ ಜಾಗ ಕೇಳುವಾಗ ಎತ್ತರದ, ಮೂಲೆಯ, ಎರಡು ರಸ್ತೆಯ ಸೈಟನ್ನು ಕೇಳುವುದು ಬೇಡ. ದಲಿತ ಕುಟುಂಬಗಳ ಮನೆಗಳ ಪಕ್ಕದಲ್ಲೇ, ನೀರಿನ ನಲ್ಲಿ, ಶಾಲೆ, ಬಸ್ ನಿಲ್ಲುವ ಜಾಗಕ್ಕೆ ಹತ್ತಿಕೊಂಡೇ ನಮಗೆ ಕೊಡಿ ಎಂದು ಬರೆದುಕೊಡಲಿ. ಗೋಪುರಕ್ಕೆ ಮೊದಲು ದಾಸೋಹದ ಒಲೆ ಹೊತ್ತಲಿ. ಮಕ್ಕಳು ಓದಲು ಒಂದು ಕೋಣೆ, ಸಂಜೆ ಹೆಣ್ಣುಮಕ್ಕಳು ಕೂತು ಮಾತಾಡಲು ಒಂದು ಕಟ್ಟೆ ಎದ್ದೇಳಲಿ. ಮಠ ಯಾರ ಪಕ್ಕದಲ್ಲಿ ನಿಂತಿದೆ ಎಂಬುದನ್ನು ನೋಡಿಯೇ ಊರಿನವರು ಅದರ ತತ್ತ್ವವನ್ನು ಅಳೆಯುತ್ತಾರೆ.

ನ್ಯಾಯಮಂಡಳಿಯ ತೀರ್ಪಿಗೆ ಕೇಂದ್ರದ ಅಧಿಸೂಚನೆ ಇನ್ನೂ ಬಾಕಿಯಿದೆ, ನೆರೆರಾಜ್ಯಗಳ ತಕರಾರೂ ಇದೆ. ಹೀಗಾಗಿ ನಮಗೆ ಸ್ವಲ್ಪ ಸಮಯ ಸಿಕ್ಕಿದೆ. ಎಷ್ಟು ಎಂದು ಯಾರೂ ಹೇಳಲಾರರು. ಗೇಟು ಇಳಿಸಿದ ಮೇಲೆ ನೀರು ಕಾಯುವುದಿಲ್ಲ. ಊರುಗಳು ನೆಲೆ ನಿಂತಿರುವಾಗಲೇ, ಹಿರಿಯರು ಬದುಕಿರುವಾಗಲೇ, ಒಬ್ಬರಿಗೊಬ್ಬರು ಸಾಕ್ಷಿ ಹೇಳಬಲ್ಲವರಾಗಿರುವಾಗಲೇ ಪುಸ್ತಕ ಪೆನ್ನು ಹಿಡಿದು ಹೊರಡಬೇಕು. ಈ ಶ್ರಾವಣದ ಪ್ರವಚನಗಳ ಜೊತೆಗೆ ಒಂದು ಊರಿನ ಸಮೀಕ್ಷೆಯನ್ನಾದರೂ ಮಾಡಿ ಮುಗಿಸುತ್ತೇವೆಂದು ಆ ಭಾಗದ ಪ್ರತಿ ಮಠವೂ ಪಣ ತೊಟ್ಟರೆ ಅದಕ್ಕಿಂತ ದೊಡ್ಡ ಬಸವ ಸೇವೆ ಬೇರೊಂದಿಲ್ಲ.